ಉಷ್ಣಾಂಶದ ಜೊತೆ ಸಂಜೆಯ ತೇವಾಂಶವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ವ್ಯಾನಿನಲ್ಲೇ ಅಡುಗೆ, ವ್ಯಾನಿನಲ್ಲೇ ನಿದ್ದೆ ಎಂದು ಹೊರಟು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬರುವವರನ್ನು ಈಗ ಆಗಾಗ ಕಾಣುತ್ತೇವೆ. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಗರಿಷ್ಠ, ಕನಿಷ್ಠ ಉಷ್ಣಾಂಶ ನೋಡಿ ಅವರು ತಂಗುವ ಊರು ಆರಿಸಿಕೊಳ್ಳುತ್ತಾರೆ. ಮಲೆನಾಡಿನ ಮಟ್ಟಿಗೆ ಆ ಎರಡು ಅಂಕಿ ಸಾಲದು. ವ್ಯಾನಿನೊಳಗೆ ರಾತ್ರಿ ಹೇಗೆ ಕಳೆಯುತ್ತದೆ ಎಂಬುದನ್ನು ಹೇಳುವುದು ಇಬ್ಬನಿ ಬಿಂದು, ಅಂದರೆ ಗಾಳಿ ತಣಿಯುತ್ತಾ ಹೋದಂತೆ ಅದರಲ್ಲಿನ ಆವಿ ನೀರಾಗಲು ಶುರುವಾಗುವ ಉಷ್ಣಾಂಶ.

ಲೆಕ್ಕ ಸುಲಭ. ತೇವಾಂಶ ಶೇ 50ಕ್ಕಿಂತ ಹೆಚ್ಚಿದ್ದಾಗ ಅದನ್ನು 100ರಿಂದ ಕಳೆದು, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಬೇಕು. ಸಂಜೆ ಒಂದು ಊರಲ್ಲಿ 30 ಡಿಗ್ರಿ, ತೇವಾಂಶ ಶೇ 55 ಇದ್ದರೆ ಇಬ್ಬನಿ ಬಿಂದು 21. ಇನ್ನೊಂದು ಊರಲ್ಲಿ 26 ಡಿಗ್ರಿ, ಶೇ 90 ಇದ್ದರೆ 24. ಬರೀ ಉಷ್ಣಾಂಶ ನೋಡಿದವರು ಎರಡನೆಯ ಊರಿಗೇ ಹೋಗುತ್ತಾರೆ. ಆದರೆ ಮೊದಲನೆಯದು ನಿರ್ಮಲ ರಾತ್ರಿಯಲ್ಲಿ 22ರ ಆಸುಪಾಸಿಗೆ ಇಳಿಯಬಲ್ಲದು, ಎರಡನೆಯದು 24ರ ಹತ್ತಿರವೇ ನಿಂತುಬಿಡುತ್ತದೆ. ಆವಿ ಇಬ್ಬನಿಯಾಗುವಾಗ ಶಾಖ ಬಿಡುವುದರಿಂದ ಗಾಳಿ ಅಲ್ಲಿಂದ ಕೆಳಗೆ ಸುಲಭವಾಗಿ ತಣಿಯುವುದಿಲ್ಲ. ನಮ್ಮ ಅಂದಾಜಿನಲ್ಲಿ ಇಬ್ಬನಿ ಬಿಂದು 16ರೊಳಗಿದ್ದರೆ ನಿದ್ದೆಗೆ ತೊಂದರೆಯಿಲ್ಲ. 20ರ ತನಕ ಫ್ಯಾನ್ ಸಾಕು. 21ರಿಂದ 23ಕ್ಕೆ ಫ್ಯಾನಿನ ಜೊತೆ ಎದುರುಬದುರು ಕಿಟಕಿ ತೆರೆದಿರಲೇಬೇಕು. 24 ದಾಟಿದರೆ ಆ ರಾತ್ರಿ ಕೋಣೆ ಹಿಡಿಯುವುದು ಒಳ್ಳೆಯದು. ನೀರು ಆವಿಯಾಗಿಸಿ ತಂಪು ಮಾಡುವ ಕೂಲರ್ ಇಂಥ ಗಾಳಿಯಲ್ಲಿ ಕೆಲಸಕ್ಕೆ ಬಾರದು, ಒಳಗಿನ ಪಸೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಎತ್ತರದ ಲೆಕ್ಕವೂ ಗೊತ್ತಿರಲಿ. ಪ್ರತಿ 100 ಮೀಟರ್ ಏರಿದರೆ ಸರಾಸರಿ 0.65 ಡಿಗ್ರಿ ಕಡಿಮೆ. ಶಿವಮೊಗ್ಗದಿಂದ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋದರೆ ಐದಾರು ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರ ಸೇರಿದರೆ ಇದೇ ಲೆಕ್ಕ ತಿರುಗಿಬೀಳುತ್ತದೆ, ಕರಾವಳಿಯ ತೇವವೂ ಜೊತೆಗೂಡುತ್ತದೆ. ಮೊಬೈಲಿನ ಮುನ್ಸೂಚನೆ ಹಲವು ಕಿಲೋಮೀಟರ್ ಅಗಲದ ಚೌಕಗಳಿಗೆ ಲೆಕ್ಕ ಹಾಕಿದ್ದು. ಘಾಟಿಯ ಅಂಚು ಮತ್ತು ಬುಡ ಒಂದೇ ಚೌಕದಲ್ಲಿ ಸಿಕ್ಕಿಕೊಂಡರೆ ಅದು ತೋರಿಸುವ ಅಂಕಿ ಎರಡಕ್ಕೂ ಹೊಂದುವುದಿಲ್ಲ.

ಚಳಿಗಾಲದಲ್ಲಿ ಸಮಸ್ಯೆ ಒಳಗಿಂದ ಹುಟ್ಟುತ್ತದೆ. ಮಲಗಿದ ಒಬ್ಬರ ಉಸಿರು ಮತ್ತು ಮೈಯಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಇಬ್ಬರು ಎಂಟು ಗಂಟೆ ಮಲಗಿದರೆ 640 ಗ್ರಾಂ. ಮಧ್ಯಮ ಗಾತ್ರದ ವ್ಯಾನಿನ ಒಳಗಿರುವುದು 10 ಘನ ಮೀಟರ್ ಗಾಳಿ. 20 ಡಿಗ್ರಿಯಲ್ಲಿ ಅದು ಹಿಡಿಯಬಲ್ಲ ಆವಿ ಹೆಚ್ಚೆಂದರೆ 170 ಗ್ರಾಂ. ಗಾಜು ಪೂರ್ತಿ ಏರಿಸಿ ಮಲಗಿದರೆ ಉಳಿದದ್ದೆಲ್ಲ ಗಾಜಿಗೆ, ಚಾವಣಿಯ ತಗಡಿಗೆ, ಹಾಸಿಗೆಯ ಅಡಿಗೆ ಹೋಗುತ್ತದೆ. ಒಳಗೇ ಅಡುಗೆ ಮಾಡಿದರೆ ಇನ್ನೂ ಕಷ್ಟ: ಒಂದು ಕಿಲೋ ಗ್ಯಾಸ್ ಉರಿದಾಗ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಚಳಿಯೆಂದು ಒಲೆಯನ್ನೇ ಹೀಟರ್ ಮಾಡಿಕೊಳ್ಳುವುದಂತೂ ಕೂಡದೇ ಕೂಡದು, ಮುಚ್ಚಿದ ವ್ಯಾನಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಹೊರಗೆ ಮಂಜು, ಶೇ 100 ತೇವಾಂಶ, ಕಿಟಕಿ ತೆಗೆದು ಏನು ಪ್ರಯೋಜನ ಎಂದು ಬಹಳ ಜನ ಕೇಳುತ್ತಾರೆ. ಪ್ರಯೋಜನ ಇದೆ. 16 ಡಿಗ್ರಿಯ ತುಂಬುತೇವದ ಗಾಳಿ ಒಳಬಂದು 20 ಡಿಗ್ರಿಗೆ ಬೆಚ್ಚಗಾದರೆ ಅದರ ತೇವಾಂಶ ಶೇ 80ರಷ್ಟಕ್ಕೆ ಇಳಿಯುತ್ತದೆ, ಇನ್ನಷ್ಟು ಆವಿಯನ್ನು ಹೀರಿ ಹೊರಹೋಗಬಲ್ಲದು. ಆದ್ದರಿಂದ ಕೆಳಗೊಂದು ಕಡೆ ಗಾಳಿ ಒಳಬರಲು, ಚಾವಣಿಯಲ್ಲಿ ಹೊರಹೋಗಲು ದಾರಿ ಬಿಡಬೇಕು. ಮೇಲಿನ ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುವಂತಿರಲಿ. 12 ವೋಲ್ಟಿನ ಫ್ಯಾನ್ 2 ಆಂಪಿಯರ್ ಎಳೆದರೆ ಎಂಟು ಗಂಟೆಗೆ 16 ಆಂಪಿಯರ್-ಗಂಟೆ, 100ರ ಸೀಸದ ಬ್ಯಾಟರಿಗೆ ಅದು ಹೊರೆಯಲ್ಲ. ತಗಡು ಮತ್ತು ಪ್ಲೈವುಡ್ ನಡುವೆ ಥರ್ಮೊಕೋಲ್ ತುರುಕಿ ಸಂದು ಮುಚ್ಚದೆ ಬಿಟ್ಟ ವ್ಯಾನುಗಳಲ್ಲಿ ಆವಿ ಹಿಂಬದಿಗೆ ನುಸುಳಿ ನೀರಾಗುತ್ತದೆ. ತುಕ್ಕು ಕಣ್ಣಿಗೆ ಬೀಳುವ ಮೊದಲೇ ಮುಗ್ಗಲು ವಾಸನೆ, ಬೂಷ್ಟು ಬಂದಿರುತ್ತದೆ.

ಜಾಗದ ಆಯ್ಕೆಯಲ್ಲಿ ಇಪ್ಪತ್ತು ಮೂವತ್ತು ಮೀಟರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ತಣ್ಣನೆ ಗಾಳಿ ಇಳಿಜಾರು ಹಿಡಿದು ಅಡಿಕೆ ತೋಟದ ಕಣಿವೆಯಲ್ಲಿ, ಹಳ್ಳದ ದಂಡೆಯಲ್ಲಿ ಸೇರಿಕೊಳ್ಳುತ್ತದೆ. ಮಂಜು ಮೊದಲು ಕಟ್ಟುವುದೂ ಕೊನೆಗೆ ಕರಗುವುದೂ ಅಲ್ಲೇ. ಅದಕ್ಕಿಂತ ಮೇಲೆ, ಪೂರ್ವಕ್ಕೆ ಮುಖವಿರುವ ಬದಿಯಲ್ಲಿ ನಿಲ್ಲಿಸಿದರೆ ಬೆಳಗಿನ ಬಿಸಿಲಿಗೆ ಚಾವಣಿ ಬೇಗ ಒಣಗುತ್ತದೆ. ಬಯಲಿನಲ್ಲಿ ತಗಡು ಆಕಾಶಕ್ಕೆ ಶಾಖ ಬಿಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುವುದರಿಂದ ಇಬ್ಬನಿ ಜಾಸ್ತಿ. ಮರದಡಿ ಅಷ್ಟಿಲ್ಲ, ಆದರೆ ಒಣಗೊಂಬೆ ನೋಡಿಕೊಳ್ಳಬೇಕು. ಇನ್ನೊಂದು ಮಾತನ್ನು ಪ್ರವಾಸಿಗಳಿಗೆ ಯಾರೂ ಹೇಳುವುದಿಲ್ಲ: ಹವೆ ಒಣಗಿ ಹಿತವಾಗಿರುವ ತಿಂಗಳುಗಳೇ ರಕ್ತ ಹೀರುವ ಉಣ್ಣೆ ಹುಳುವಿನ ಕಾಲವೂ ಹೌದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣ್ಣೆ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಕಾಡಂಚಿನ ತರಗೆಲೆಯ ಮೇಲೆ ಚಾಪೆ ಹಾಸುವುದು, ಹಾಸಿಗೆ ಒಣಗಿಸುವುದು ಬೇಡ.

ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಘಾಟಿಯ ಅಂಚಿನಲ್ಲಿ ವ್ಯಾನ್ ವಾಸ ಬೇಡವೆಂದೇ ನಮ್ಮ ಸಲಹೆ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆಯಾಗುವ ಆಗುಂಬೆ, ಹುಲಿಕಲ್ ಕಡೆ ಜಡಿಮಳೆ ಹಿಡಿದರೆ ಬಟ್ಟೆ ಒಣಗದು, ಸೋಲಾರ್ ಫಲಕ ಬ್ಯಾಟರಿ ತುಂಬದು, ಧರೆ ಕುಸಿದು ರಸ್ತೆ ಮುಚ್ಚಬಹುದು. ಹವಾಮಾನ ಇಲಾಖೆಯ ಭಾಷೆಯಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಕಿತ್ತಳೆ ಎಚ್ಚರಿಕೆ ಕಂಡ ದಿನ ಧರೆಯ ಬುಡದಲ್ಲೂ ಹೊಳೆಯ ದಂಡೆಯಲ್ಲೂ ವ್ಯಾನ್ ನಿಲ್ಲಿಸಬೇಡಿ.

ಹವಾಮಾನ ಇಲಾಖೆ ತನ್ನ ಕೇಂದ್ರಗಳಲ್ಲಿ ಬೆಳಿಗ್ಗೆ 8.30ಕ್ಕೆ ಮತ್ತು ಸಂಜೆ 5.30ಕ್ಕೆ ತೇವಾಂಶವನ್ನು ದಾಖಲಿಸುತ್ತದೆ. ನಿಮ್ಮ ಪತ್ರಿಕೆಯ ಹವಾಮಾನ ಪಟ್ಟಿಯಲ್ಲಿ ಮಲೆನಾಡಿನ ಊರುಗಳ ಮುಂದೆ ಸಂಜೆಯ ಉಷ್ಣಾಂಶ, ತೇವಾಂಶ ಎರಡನ್ನೂ ಕೊಟ್ಟರೆ ಇಬ್ಬನಿ ಬಿಂದುವನ್ನು ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ. ವ್ಯಾನಿನವರಿಗೆ ಮಾತ್ರವಲ್ಲ, ಅಂಗಳದಲ್ಲಿ ಅಡಿಕೆ ಒಣಗಿಸುವವರಿಗೂ ಇದು ಬೇಕು. ದಯವಿಟ್ಟು ಪರಿಶೀಲಿಸಿ.

ಇತಿ,
ತೀರ್ಥಹಳ್ಳಿಯ ಓದುಗರು