ಫ್ಯಾನ್ ಸಾಕು, ಈ ಸಲ ಗ್ಯಾಸ್ ತುಂಬಿಸಿ ಕೊಡಿ

ಎಲ್ಲರಿಗೂ ಶರಣು.

ನಮ್ಮೂರ ಮಠದ ಪ್ರಸಾದ ನಿಲಯದ, ಅಂದರೆ ಮಕ್ಕಳಿಗೆ ಊಟ, ಮಲಗಲು ಜಾಗ ಕೊಡುವ ನಿಲಯದ, ಲೆಕ್ಕ ಬರೆಯುವವನು ನಾನು. ಊರು ಬಿಟ್ಟು ಬೆಂಗಳೂರು, ಪುಣೆ, ಸೊಲ್ಲಾಪುರ ಅಂತ ಹೋಗಿ ನೆಲೆಸಿದ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮೂರವರಲ್ಲದವರ ಕಣ್ಣಿಗೆ ಬಿದ್ದರೂ ಒಳ್ಳೆಯದೇ. ಕೇಳುವುದು ದುಡ್ಡೇ, ಸುತ್ತಿ ಬಳಸಿ ಹೇಳುವುದಿಲ್ಲ. ಆದರೆ ಯಾತಕ್ಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಪ್ರತಿ ವರ್ಷ ನೀವು ಕೊಡುವುದು ಒಂದು, ನಮಗೆ ಬೇಕಾಗಿರುವುದು ಇನ್ನೊಂದು ಆಗುತ್ತಿದೆ.

ಮೊದಲು ಫ್ಯಾನಿನ ಕತೆ ಹೇಳಿಬಿಡುತ್ತೇನೆ. ಮಕ್ಕಳು ಮಲಗುವ ಹಾಲಿನಲ್ಲಿ ಈಗ ಹನ್ನೊಂದು ಫ್ಯಾನ್ ಇವೆ. ಆರು ಸಾಕಿತ್ತು. ಹನ್ನೊಂದೂ ಒಮ್ಮೆಲೆ ಹಾಕಿದರೆ ಮಠದ ಫ್ಯೂಸ್ ಹಾರುತ್ತದೆ, ಹಾಗಾಗಿ ಐದಕ್ಕೆ ವೈರ್ ಎಳೆದೇ ಇಲ್ಲ, ಸುಮ್ನೆ ತೂಗುತ್ತಿವೆ. ಎಲ್ಲದರ ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ಯಾರದೋ ತಂದೆಯ, ಯಾರದೋ ತಾಯಿಯ ಸ್ಮರಣಾರ್ಥ ಅಂತ ಹೆಸರು. ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ಹೆಸರು. ಗೋಡೆ ಗಡಿಯಾರ ನಾಲ್ಕಿವೆ, ನಾಲ್ಕರಲ್ಲೂ ಹೆಸರಿದೆ, ಸೆಲ್ ಇಲ್ಲ. ಒಂದೊಂದು ಒಂದೊಂದು ಟೈಮ್ ತೋರಿಸುತ್ತದೆ. ಸೆಲ್ಲಿನ ಮೇಲೆ ಹೆಸರು ಬರೆಯಲು ಜಾಗ ಇಲ್ಲವಲ್ಲ, ಅದಕ್ಕೇ ಇರಬೇಕು.

ಕೊಟ್ಟವರನ್ನು ಆಡಿಕೊಳ್ಳುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೆತ್ತವರ ಹೆಸರು ಉಳಿಯಲಿ ಅಂತ ಯಾರಿಗೆ ಅನಿಸುವುದಿಲ್ಲ ಹೇಳಿ? ಅದರಲ್ಲಿ ಒಂದು ಫ್ಯಾನ್ ನನ್ನದೇ, ನಮ್ಮಪ್ಪನ ಹೆಸರಿನದು. ಅದಕ್ಕೂ ವೈರ್ ಇಲ್ಲ.

ಈಗ ಮಕ್ಕಳ ವಿಷಯ. ದೀಪಾವಳಿ ಮುಗಿಯುತ್ತಿದ್ದ ಹಾಗೆ ನಮ್ಮೂರಿನಿಂದ ಮತ್ತು ಪಕ್ಕದ ಎರಡು ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗ್‌ಗಳು ಹೊರಡುತ್ತವೆ. ಬೆಳಗಾವಿ, ಬಾಗಲಕೋಟೆ ಕಡೆಯ ಫ್ಯಾಕ್ಟರಿಗಳಿಗೆ ಕೆಲವರು, ಮಹಾರಾಷ್ಟ್ರಕ್ಕೆ ಕೆಲವರು. ಇನ್ನು ಕೆಲವರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ. ಕಬ್ಬು ಕಡಿಯಲು ಗಂಡ ಹೆಂಡತಿ ಜೋಡಿಯೇ ಬೇಕು, ಮುಂಗಡ ಕೊಡುವುದೂ ಜೋಡಿಯ ಲೆಕ್ಕದಲ್ಲೇ. ಅಂದ ಮೇಲೆ ಮಕ್ಕಳನ್ನು ಒಬ್ಬರು ನೋಡಿಕೊಂಡು ಮನೆಯಲ್ಲಿರಲಿ ಅನ್ನುವ ಮಾತೇ ಇಲ್ಲ. ಒಂದೋ ಮಕ್ಕಳನ್ನೂ ಟ್ರ್ಯಾಕ್ಟರ್ ಹತ್ತಿಸಬೇಕು, ಇಲ್ಲಾ ಅಜ್ಜಿಯ ಹತ್ತಿರ ಬಿಡಬೇಕು. ಟ್ರ್ಯಾಕ್ಟರ್ ಹತ್ತಿದ ಮಗು ಯುಗಾದಿಯ ಹೊತ್ತಿಗೆ ವಾಪಸ್ ಬರುತ್ತದೆ, ಆಗ ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ. ಎರಡು ವರ್ಷ ಹೀಗಾದರೆ ಮೂರನೇ ವರ್ಷ ಅದರ ಕೈಗೂ ಕುಡುಗೋಲು.

ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಇದೆ. 2002ರಲ್ಲಿ ಅಕ್ಷರ ದಾಸೋಹ ಶುರುವಾಗಿದ್ದೇ ನಮ್ಮ ಕಡೆಯ ಜಿಲ್ಲೆಗಳಿಂದ, ಅದೊಂದು ದೊಡ್ಡ ಆಸರೆ. ಆದರೆ ಅದು ಮಧ್ಯಾಹ್ನದ್ದು, ಶಾಲೆ ಇದ್ದ ದಿನದ್ದು. ಕಣ್ಣು ಕಾಣದ ಅಜ್ಜಿ ರಾತ್ರಿ ಒಲೆ ಹಚ್ಚಬೇಕಲ್ಲ? ರವಿವಾರ ಏನು ಮಾಡಬೇಕು? ಅದಕ್ಕೇ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ, 151 ದಿನ, ಈ ಮಕ್ಕಳಿಗೆ ಮಠದಲ್ಲಿ ರಾತ್ರಿ ಊಟ, ಮಲಗಲು ಜಾಗ, ಬೆಳಿಗ್ಗೆ ಉಪ್ಪಿಟ್ಟೋ ಚುರುಮುರಿಯೋ ಒಂದು ತಿಂಡಿ. ಕಳೆದ ವರ್ಷ 43 ಮಕ್ಕಳಿದ್ದರು. ಈ ವರ್ಷವೂ ಅಷ್ಟೇ ಅಂತ ಹಿಡಿದಿದ್ದೇವೆ. ಜಾತಿ ಕೇಳುವುದಿಲ್ಲ, ಶುಲ್ಕ ಇಲ್ಲ. ಹಾಸಿಗೆ ಸುತ್ತಿಡುವುದು, ತಾಟು ತೊಳೆದುಕೊಳ್ಳುವುದು ಅವರದೇ ಕೆಲಸ.

ಊಟದ ಸಾಮಾನಿಗೆ ಕೊರತೆ ಇಲ್ಲ ಅಂದರೆ ನಂಬುತ್ತೀರಾ? ಡೋಣಿ ಹರಿದರೆ ಓಣೆಲ್ಲ ಜೋಳ ಅನ್ನುತ್ತಾರಲ್ಲ, ಆ ಡೋಣಿ ನದಿಯ ಸೀಮೆ ನಮ್ಮದು. ರಾಶಿಯಾದ ಮೇಲೆ ಬಿಳಿಜೋಳದ ಚೀಲಗಳು ತಾವಾಗಿಯೇ ಮಠದ ಕಟ್ಟೆಗೆ ಬಂದು ಬೀಳುತ್ತವೆ. ಯಾರು ಇಳಿಸಿ ಹೋದರು ಅನ್ನೋದೂ ಎಷ್ಟೋ ಸಲ ಗೊತ್ತಾಗುವುದಿಲ್ಲ, ಪುಸ್ತಕದಲ್ಲಿ 'ಹೆಸರು ಹೇಳದ ಭಕ್ತರು' ಅಂತ ಬರೆದುಕೊಳ್ಳುತ್ತೇನೆ. ತೊಗರಿ, ಕಡಲೆ, ಶೇಂಗಾ ಎಲ್ಲವೂ ಅಷ್ಟಿಷ್ಟು ಬರುತ್ತವೆ. ರೊಟ್ಟಿಗೆ ಓಣಿಗಳ ಪಾಳಿ ಇದೆ. ಸೋಮವಾರ ಒಂದು ಓಣಿ, ಮಂಗಳವಾರ ಇನ್ನೊಂದು, ಶುಕ್ರವಾರ ದರ್ಗಾ ಓಣಿಯವರದು. ಮನೆಗೆ ಐದೈದು ರೊಟ್ಟಿ. ಸಂಜೆ ಇಬ್ಬರು ದೊಡ್ಡ ಹುಡುಗರು ಬುಟ್ಟಿ ಹಿಡಿದು ಹೋದರೆ ತುಂಬಿಸಿಕೊಂಡು ಬರುತ್ತಾರೆ. ಮೇಲೆ ಗುರೆಳ್ಳು ಚಟ್ನಿಯ ಪುಡಿ ಒಂದು ಹಿಡಿ ಯಾರಾದರೂ ಹಾಕಿರುತ್ತಾರೆ. ಒಂದು ಮನೆಯಲ್ಲಿ ಸೊಸೆಗೆ ಹೆರಿಗೆಯಾಗಿ ನಾಲ್ಕೇ ದಿನ ಆಗಿತ್ತು, ನಿಮ್ಮ ಪಾಳಿ ಈ ವಾರ ಬಿಡ್ರಿ ಅಂದೆ. ಅತ್ತೆ ಹೇಳಿದ್ದು: "ಕೂಸು ಹುಟ್ಟಿದ್ದು ನಮ್ಮ ಮನ್ಯಾಗ, ಉಪವಾಸ ಇರೋದು ಆ ಹುಡುಗೂರೇನು?"

ಎಳ್ಳಮಾವಾಸ್ಯೆ ದಿನ ಅಂತೂ ನಿಲಯದಲ್ಲಿ ಒಂದು ಮಗುವೂ ಸಿಗುವುದಿಲ್ಲ. ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ನೈವೇದ್ಯ ಅರ್ಪಿಸಲು, ಹೊಲಕ್ಕೆ ಹೋಗುವವರು ಬೆಳಿಗ್ಗೆಯೇ ಬಂದು ಇಬ್ಬರನ್ನೋ ಮೂವರನ್ನೋ ಬಂಡಿಗೆ, ಬೈಕಿಗೆ ಏರಿಸಿಕೊಂಡು ಹೋಗಿಬಿಡುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಸಂಜೆ ಬರುವಾಗ ಎಲ್ಲರ ಕೈಯಲ್ಲೂ ಒಂದು ಗಂಟು. ಅವತ್ತು ರಾತ್ರಿ ಅಡುಗೆಗೆ ರಜೆ.

ಹಾಗಾದರೆ ತೊಂದರೆ ಎಲ್ಲಿ? ಜೋಳದ ಚೀಲ ಕೊಟ್ಟರೆ ಗ್ಯಾಸ್ ಏಜೆನ್ಸಿಯವನು ಸಿಲಿಂಡರ್ ಕೊಡುವುದಿಲ್ಲ. ಕರೆಂಟ್ ಬಿಲ್ಲಿಗೆ ರೊಟ್ಟಿ ನಡೆಯುವುದಿಲ್ಲ.

ಕಳೆದ ಜನವರಿಯಲ್ಲಿ ಏನಾಯಿತು ಅಂದರೆ, ಖಾತೆಯಲ್ಲಿ ದುಡ್ಡು ಮುಗಿದು ಗ್ಯಾಸ್ ತರಿಸಲಾಗಲಿಲ್ಲ. ತಪ್ಪು ನನ್ನದೇ, ಕೊಡುತ್ತೇನೆ ಅಂದವರ ದೇಣಿಗೆಯನ್ನು ಬಂದೇಬಿಟ್ಟಿತು ಅಂತ ಲೆಕ್ಕ ಹಾಕಿಕೊಂಡಿದ್ದೆ. ಮೂರು ರಾತ್ರಿ ಮಕ್ಕಳು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದು ಮಲಗಿದರು. ಒಬ್ಬ ಸಣ್ಣ ಹುಡುಗನಿಗೆ ಅದೇ ಖುಷಿ, ಜಾತ್ರೆಗೆ ಹೊರಟ ಬುತ್ತಿಯ ಹಾಗಿದೆ ಅಂತ. ನಾಲ್ಕನೇ ದಿನ ಅಡುಗೆಯ ಅವ್ವಂದಿರಿಬ್ಬರೂ ಹಳ್ಳದ ದಂಡೆಗೆ ಹೋಗಿ ಜಾಲಿ ಕಟ್ಟಿಗೆ ಕಡಿದು ತಂದು ಹಿತ್ತಲಲ್ಲಿ ಮೂರು ಕಲ್ಲಿಟ್ಟು ಸಾರು ಮಾಡಿದರು. ಹಸಿ ಕಟ್ಟಿಗೆ, ಹೊಗೆಯೋ ಹೊಗೆ. ಹನ್ನೆರಡು ದಿನ ಹಾಗೇ ನಡೆಯಿತು.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು, ಬರೆಯಲಿಕ್ಕೂ ನಾಚಿಕೆ. ಆಗ ಅವರಿಬ್ಬರಿಗೂ ಎರಡು ತಿಂಗಳ ಪಗಾರ ಕೊಟ್ಟಿರಲಿಲ್ಲ. ಕೊಡ್ತೀವಿ ಅಂದಿದ್ದೆವು, ಅವರೂ ಕೇಳಿರಲಿಲ್ಲ. ಅವರಲ್ಲಿ ದೊಡ್ಡವರು ಮನೆ ನಡೆಸಲು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಿದ್ದರು. ಅಂದರೆ ಆ ಎರಡು ತಿಂಗಳು ದಾಸೋಹ ನಡೆದಿದ್ದು ಅವರ ಸಾಲದ ಮೇಲೆ, ಬಡ್ಡಿ ಕಟ್ಟಿದ್ದೂ ಅವರೇ. ಮಠದಲ್ಲಿ ಮಹಾದಾನಿಗಳ ಬೋರ್ಡ್ ಇದೆ, ಗ್ರಾನೈಟಿನದು. ಅದನ್ನು ನೋಡಿದಾಗೆಲ್ಲ ಈಗ ಕಸಿವಿಸಿ ಆಗುತ್ತದೆ. ಪಗಾರ ಮಾರ್ಚಿನಲ್ಲಿ ಪೂರ್ತಿ ಕೊಟ್ಟೆವು. ಬಡ್ಡಿಯನ್ನೂ ಕೊಡುತ್ತೇವೆ ಅಂದರೆ ಆಕೆ ತೆಗೆದುಕೊಳ್ಳಲಿಲ್ಲ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬಿರಲಿಲ್ಲ ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. 2018ರಲ್ಲಿ ಪದ್ಮಶ್ರೀ ಬಂದರೆ ಬೇಡ ಅಂದರು. 2023ರ ಜನವರಿ 2ರಂದು ಅವರು ಹೋದಾಗ ಇಡೀ ಜಿಲ್ಲೆಯೇ ಬೀದಿಗೆ ಬಂದು ನಿಂತಿತ್ತು. ತನ್ನ ಹೆಸರಲ್ಲಿ ಸ್ಮಾರಕ ಕಟ್ಟಬೇಡಿ ಅಂತ ಅವರು ಮೊದಲೇ ಬರೆದಿಟ್ಟಿದ್ದರು. ನಮ್ಮ ಹಾಲಿನಲ್ಲಿ ಅವರ ಫೋಟೋ ಇದೆ. ಆ ಫೋಟೋದ ಫ್ರೇಮಿನ ಕೆಳಗೂ ಕೊಡಿಸಿದವರ ಹೆಸರಿದೆ! ಏನು ಹೇಳೋದು.

ಫ. ಗು. ಹಳಕಟ್ಟಿಯವರದೂ ಇದೇ ಜಿಲ್ಲೆಯ ಕತೆ ಅಲ್ವಾ. ವಕೀಲರು, 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದವರು. ವಚನದ ತಾಡೋಲೆಗಳನ್ನು ಊರೂರು ತಿರುಗಿ ಹುಡುಕಿ ತಂದರು. ಆದರೆ ಅಚ್ಚಿನ ಮೊಳೆ, ಕಾಗದ, ಮಸಿಗೆ ದುಡ್ಡೇ ಬೇಕಲ್ಲ? 1925ರಲ್ಲಿ ಪ್ರೆಸ್ ಹಾಕಲು ಮನೆಯನ್ನೇ ಮಾರಿದರು. ಗ್ಯಾಸ್ ಮುಗಿದ ಆ ಹನ್ನೆರಡು ದಿನ ನನಗೆ ಪದೇ ಪದೇ ನೆನಪಾಗುತ್ತಿದ್ದದ್ದು ಆ ಮಸಿಯ ಖರ್ಚು. ಮನೆ ಮಾರಿ ಅಂತ ನಿಮಗೆ ಹೇಳುತ್ತಿಲ್ಲ, ಗಾಬರಿಯಾಗಬೇಡಿ.

ಲೆಕ್ಕ ಹೀಗಿದೆ. 19 ಕೆಜಿ ಸಿಲಿಂಡರ್ ತಿಂಗಳಿಗೆ ಮೂರು ಬೇಕು. ಬೆಲೆ ಏರಿಳಿಯುತ್ತದೆ, 2,000 ಹಿಡಿದರೆ ಐದು ತಿಂಗಳಿಗೆ 30,000. ಅಡುಗೆಯವರಿಬ್ಬರಿಗೆ ತಲಾ 7,000ದಂತೆ 70,000. ರಾತ್ರಿ ಮಕ್ಕಳ ಜೊತೆ ಮಲಗಿ, ಪಾಠವನ್ನೂ ನೋಡುವ ಒಬ್ಬ ಹುಡುಗನಿಗೆ 40,000. ಎಣ್ಣೆ, ಅಕ್ಕಿ, ಉಪ್ಪು, ತರಕಾರಿ, ಹಾಲಿಗೆ 78,000, ಇದು ಮಗುವಿಗೆ ದಿನಕ್ಕೆ 12 ರೂಪಾಯಿ ಬೀಳುತ್ತದೆ. ಸಾಬೂನು, ತಲೆಗೆ ಎಣ್ಣೆ, ಔಷಧಿಗೆ 15,000. ಕರೆಂಟ್ ಮತ್ತು ನೀರಿನ ಮೋಟಾರಿಗೆ 10,000. ಒಟ್ಟು 2,43,000. ಕೈಯಲ್ಲಿ ಉಳಿದಿರುವುದು 38,000. ಇನ್ನು 2,05,000 ಬೇಕು. ಒಂದು ದಿನದ ಖರ್ಚು ಸುಮಾರು 1,600 ಆಗುತ್ತದೆ. ಮಗಳ ಹುಟ್ಟುಹಬ್ಬಕ್ಕೋ ಅಪ್ಪನ ಪುಣ್ಯತಿಥಿಗೋ ಒಂದು ದಿನ ನಿಮ್ಮದು ಅಂತ ಹೇಳಿ. ಅವತ್ತು ಊಟಕ್ಕೆ ಮೊದಲು ಅವರ ಹೆಸರನ್ನು ಮಕ್ಕಳು ಜೋರಾಗಿ ಹೇಳುತ್ತಾರೆ, 43 ಬಾಯಿಂದ. ಫ್ಯಾನಿನ ಮೇಲಿನ ಹೆಸರಿಗಿಂತ ಜಾಸ್ತಿ ಜನಕ್ಕೆ ಕೇಳುತ್ತದೆ, ನನ್ನ ಮಾತು ನಂಬಿ.

1,600 ಒಮ್ಮೆಲೆ ಆಗದವರಿಗೆ ಇಳಕಲ್ಲಿನ ಮಹಾಂತ ಸ್ವಾಮಿಗಳ ದಾರಿ ಇದೆ. ಅವರು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು, ದುಡ್ಡು ಕೇಳಲಿಲ್ಲ, ನಿಮ್ಮ ದುಶ್ಚಟ ಹಾಕಿ ಅಂದರು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕಳೆದ ವರ್ಷ ಗುಟ್ಕಾ ಬಿಟ್ಟು ಆ ದುಡ್ಡನ್ನು ಡಬ್ಬಿಯಲ್ಲಿ ಕೂಡಿಸಿ ತಂದು ಕೊಟ್ಟರು. ಒಬ್ಬ ಮತ್ತೆ ಶುರು ಮಾಡಿದ್ದಾನೆ. ಇನ್ನೊಬ್ಬ ಗಟ್ಟಿಯಾಗಿದ್ದಾನೆ.

ಕೊಡುವುದು ಹೇಗೆ ಅಂದರೆ, ಅಕೌಂಟ್ ನಂಬರ್ ಮತ್ತು ಕ್ಯೂಆರ್ ಕೋಡನ್ನು ಇಲ್ಲಿ ಬೇಕಂತಲೇ ಹಾಕಿಲ್ಲ. ಫಾರ್ವರ್ಡ್ ಆಗುತ್ತಾ ಆಗುತ್ತಾ ಬೇರೆ ಯಾರದೋ ಕ್ಯೂಆರ್ ಬಂದು ಕೂರುವ ಕಾಲ ಇದು. ಮಠದ ಆಫೀಸಿಗೆ ಬನ್ನಿ, ಇಲ್ಲವೇ ಊರಲ್ಲಿರುವ ನಿಮ್ಮವರನ್ನು ಕಳಿಸಿ, ಅಕೌಂಟ್ ವಿವರ ಇರುವ ಸೀಲ್ ಹಾಕಿದ ಚೀಟಿ ಕೊಡುತ್ತೇವೆ. ಎಷ್ಟೇ ಕೊಟ್ಟರೂ ರಸೀದಿ ಕೇಳಿ ತೆಗೆದುಕೊಳ್ಳಿ, ಹತ್ತು ರೂಪಾಯಿಗೂ. ನಮ್ಮ ಟ್ರಸ್ಟಿಗೆ 80ಜಿ ಇದೆ, ಆದರೆ 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಬ್ಯಾಂಕ್ ಮೂಲಕವೇ ಕಳಿಸಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಅದು ಇಲ್ಲ. ವಿದೇಶದಲ್ಲಿರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಕಳಿಸಬಹುದು. ಅಲ್ಲಿಯ ಪೌರತ್ವ ಪಡೆದವರಿಂದ ತೆಗೆದುಕೊಳ್ಳಲು ನಮಗೆ ಪರವಾನಗಿ ಇಲ್ಲ, ಅವರು ದಯವಿಟ್ಟು ಕಳಿಸಬೇಡಿ, ಊರಿಗೆ ಬಂದಾಗ ಮಕ್ಕಳಿಗೆ ಒಂದು ಗಂಟೆ ಇಂಗ್ಲಿಷ್ ಹೇಳಿಕೊಟ್ಟು ಹೋಗಿ.

ಖರ್ಚಿನ ಪುಸ್ತಕ ಆಫೀಸಿನ ಮೇಜಿನ ಮೇಲೆಯೇ ಇರುತ್ತದೆ. ಯಾರು ಬೇಕಾದರೂ ತೆರೆದು ನೋಡಬಹುದು. ನನ್ನ ಅಕ್ಷರ ಚೆನ್ನಾಗಿಲ್ಲ, ಅರ್ಥವಾಗದಿದ್ದರೆ ಕೇಳಿ.

ನವೆಂಬರ್ 1ಕ್ಕೆ ಒಲೆ ಹಚ್ಚಬೇಕು. ಅದಕ್ಕೆ ಮೊದಲು ಆರು ಸಿಲಿಂಡರಿನ ದುಡ್ಡು, ಮೊದಲ ತಿಂಗಳ ಪಗಾರ ಕೈಯಲ್ಲಿರಲಿ ಅನ್ನೋದು ನನ್ನ ಹಟ. ನೋಡಲು ಬರುವವರು ಸಂಜೆ ಏಳರ ಮೇಲೆ ಬನ್ನಿ, ಆಗ ಮಕ್ಕಳು ಪಂಕ್ತಿಗೆ ಕೂತಿರುತ್ತಾರೆ. ಪೇಡೆ, ಬಿಸ್ಕತ್ತು ತರಬೇಡಿ. ಗಡಿಯಾರದ ಸೆಲ್ ತಂದರೆ ಸಂತೋಷ, ನಾಲ್ಕು ಬೇಕು, ಪೆನ್ಸಿಲ್ ಸೆಲ್.