ಮಹಜರಿಗೆ ಬಿದ್ದ ಸಹಿಯ ಬಗ್ಗೆ ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ನಿರಪರಾಧಿಯನ್ನು ಪ್ರಕರಣದಲ್ಲಿ ಸಿಲುಕಿಸಲು ದೊಡ್ಡ ಪಿತೂರಿಯೇನೂ ಬೇಕಿಲ್ಲ. ಎಷ್ಟೋ ಸಲ ಒಂದು ಸುಳ್ಳು ಮಹಜರೇ, ಅಂದರೆ ಸ್ಥಳದಲ್ಲಿ ಏನು ಸಿಕ್ಕಿತೆಂದು ಸಾಕ್ಷಿಗಳ ಸಮ್ಮುಖದಲ್ಲಿ ಪೊಲೀಸರು ಬರೆಯುವ ದಾಖಲೆಯೇ ಸಾಕು. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲವಾದರೂ, ಬಂಧನದಲ್ಲಿರುವ ಆರೋಪಿಯ ಹೇಳಿಕೆಯಿಂದ ಕತ್ತಿಯೋ ಒಡವೆಯೋ ಪತ್ತೆಯಾಯಿತೆಂದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿದ್ದ ಈ ಅವಕಾಶ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲಿ ಹಾಗೆಯೇ ಉಳಿದಿದೆ. ತನಿಖೆ ಮುಂದೆ ಸಾಗದೆ ಮೇಲಿನಿಂದ ಒತ್ತಡ ಬಿದ್ದಾಗ, ಇಲ್ಲದ ವಸ್ತುವನ್ನು ‘ಪತ್ತೆ’ ಮಾಡಿಸುವ ಆಸೆ ಹುಟ್ಟುವುದು ಇಲ್ಲಿಯೇ.

“ಸಹಿ ನನ್ನದೇ ಸ್ವಾಮಿ, ಠಾಣೆಯಲ್ಲಿ ಹಾಕಿಸಿಕೊಂಡರು, ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ” ಎಂದು ಪಂಚ ಸಾಕ್ಷಿ (ಮಹಜರಿಗೆ ಸಹಿ ಹಾಕಿದ ಸಾಕ್ಷಿ) ಕಟಕಟೆಯಲ್ಲಿ ನಿಂತು ಹೇಳುವುದು ನ್ಯಾಯಾಲಯಗಳಿಗೆ ಹೊಸದಲ್ಲ. ಆತನನ್ನು ಪ್ರತಿಕೂಲ ಸಾಕ್ಷಿ, ಅಂದರೆ ತನ್ನನ್ನು ಕರೆಸಿದವರಿಗೇ ವಿರುದ್ಧವಾಗಿ ನುಡಿದವನೆಂದು ಪರಿಗಣಿಸಿ ಮುಂದಿನವರನ್ನು ಕರೆಯಲಾಗುತ್ತದೆ. ಆತ ಆಮಿಷಕ್ಕೆ ಬಿದ್ದು ಮಾತು ಬದಲಿಸಿದನೋ (ಅಂಥವರೂ ಇದ್ದಾರೆ, ಅಲ್ಲಗಳೆಯುವುದಿಲ್ಲ), ಇದ್ದದ್ದನ್ನೇ ಹೇಳಿದನೋ ಎಂದು ಇಲಾಖೆ ಆಮೇಲೆ ವಿಚಾರಿಸುವುದು ಅಪರೂಪ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು. ಅದರ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಮತ್ತು ಜಪ್ತಿಯಾದ ವಸ್ತುಗಳ ಪಟ್ಟಿಗೆ ಸಾಕ್ಷಿಗಳು ಸಹಿ ಹಾಕುವುದನ್ನು ವಿಡಿಯೋ ಮಾಡಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆದರೆ ಕತ್ತಿ ಅಡಗಿಸಿಟ್ಟದ್ದೆನ್ನಲಾದ ಪೊದೆಯ ಮುಂದೆ ನಿಂತ ಮೇಲೆ ಕ್ಯಾಮೆರಾ ಆನ್ ಮಾಡಿದರೆ, ಆ ಪೊದೆಯೊಳಗೆ ಕತ್ತಿ ಇಟ್ಟವರು ಯಾರೆಂಬುದು ತಿಳಿಯುವುದಿಲ್ಲ. ಆರೋಪಿ ಠಾಣೆಯ ಮೆಟ್ಟಿಲಿಳಿದ ಕ್ಷಣದಿಂದಲೇ ಚಿತ್ರೀಕರಣ ಎಡೆಬಿಡದೆ ನಡೆಯಬೇಕೆಂದು ತಾವು ಸುತ್ತೋಲೆ ಹೊರಡಿಸಬೇಕು.

ಇನ್ನು ಹೊಣೆಗಾರಿಕೆಯ ಮಾತು. ಗುಜರಾತ್ ಸರ್ಕಾರ ಮತ್ತು ಕಿಶನ್‌ಭಾಯಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲಿಯೇ, ಖುಲಾಸೆಯಾದ ಪ್ರಕರಣಗಳನ್ನು ಪರಿಶೀಲಿಸಿ ತನಿಖೆಯ ಲೋಪಕ್ಕೆ ಕಾರಣರಾದ ಅಧಿಕಾರಿಗಳನ್ನು ಗುರುತಿಸುವ ವ್ಯವಸ್ಥೆ ಮಾಡುವಂತೆ ಎಲ್ಲ ರಾಜ್ಯಗಳ ಗೃಹ ಇಲಾಖೆಗಳಿಗೆ ನಿರ್ದೇಶಿಸಿತ್ತು. ತಮ್ಮ ಇಲಾಖೆ ಈವರೆಗೆ ಎಷ್ಟು ಖುಲಾಸೆಗಳನ್ನು ಹೀಗೆ ಪರಿಶೀಲಿಸಿದೆ, ಎಷ್ಟು ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡಿದೆ?

ಸುಳ್ಳು ಪ್ರಕರಣದಲ್ಲಿ ಸಿಲುಕಿದವರಿಗೆ ಸಿಗುವ ಪರಿಹಾರದ ಸ್ಥಿತಿಯಂತೂ ಹೇಳತೀರದು. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಬೇಹುಗಾರಿಕೆಯ ಸುಳ್ಳು ಆರೋಪದ ಮೇಲೆ ಬಂಧಿಸಿದ್ದು 1994ರಲ್ಲಿ. ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರಲ್ಲಿ. ಅಷ್ಟು ದೂರ ಹೋಗಲಾರದವರಿಗಾಗಿ ಕಾನೂನು ಆಯೋಗ ಅದೇ ವರ್ಷ ತನ್ನ 277ನೇ ವರದಿಯಲ್ಲಿ ವಿಶೇಷ ನ್ಯಾಯಾಲಯಗಳನ್ನೂ ಪರಿಹಾರದ ಕಾನೂನನ್ನೂ ಶಿಫಾರಸು ಮಾಡಿತ್ತು. ಕೇಂದ್ರದ ಕಾನೂನಿಗಾಗಿ ಕಾದು ಕೂರದೆ, ರಾಜ್ಯವೇ ಒಂದು ಪರಿಹಾರ ಯೋಜನೆಯನ್ನು ರೂಪಿಸಬೇಕೆಂದೂ, ಮೇಲಿನ ಪ್ರಶ್ನೆಗೆ ಮುಂದಿನ ಅಧಿವೇಶನದಲ್ಲಿ ಅಂಕಿಅಂಶಗಳ ಸಮೇತ ಉತ್ತರ ನೀಡಬೇಕೆಂದೂ ಕೋರುತ್ತೇನೆ.

ಇಂತಿ,
ಒಬ್ಬ ನಾಗರಿಕ