ಓಬೋ ಇಲ್ಲ ಅಂತ ಬ್ಯಾಂಡ್‌ಗೆ ಬೀಗ ಹಾಕಬೇಕಾ?

ಸಂಪಾದಕರೇ, ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮುಂಬಯಿಯ ಪಾಶ್ಚಾತ್ಯ ಸಂಗೀತದ ಬಗ್ಗೆ ಬಂದ ಲೇಖನ ಓದಿದೆ. ಇಲ್ಲೇ ಹುಟ್ಟಿದ ಆರ್ಕೆಸ್ಟ್ರಾ ನಿರ್ದೇಶಕ ಝುಬಿನ್ ಮೆಹ್ತಾ, 2006ರಲ್ಲಿ ನರೀಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ, ಎಲ್ಲ ಸರಿ. ಆದರೆ ಓದಿ ಮುಗಿಸಿದಾಗ ಈ ಸಂಗೀತ ನರೀಮನ್ ಪಾಯಿಂಟ್ ಬಿಟ್ಟು ಈಚೆ ಬರುವುದೇ ಇಲ್ಲವೇನೋ ಅನ್ನಿಸಿತು. ಬರುತ್ತದೆ ಸ್ವಾಮಿ. ಸೆಂಟ್ರಲ್ ಲೈನಿನ ಲಗೇಜ್ ಡಬ್ಬದಲ್ಲಿ, ಬುಟ್ಟಿ ಮೂಟೆಗಳ ನಡುವೆ, ಯೂಫೋನಿಯಂ ಎಂಬ ದೊಡ್ಡ ಹಿತ್ತಾಳೆಯ ಊದುವ ವಾದ್ಯ ತಬ್ಬಿಕೊಂಡು ನಿಂತು ಡೊಂಬಿವಲಿ ತನಕ ಬರುತ್ತದೆ.

ನಾವು ಎಂಟು ಜನ. ಎರಡು ಕೊಳಲು (ಫ್ಲೂಟು, ನಮ್ಮ ಬಿದಿರಿನದ್ದಲ್ಲ), ಮೂರು ಕ್ಲಾರಿನೆಟ್, ಒಂದು ಆಲ್ಟೊ ಸ್ಯಾಕ್ಸೊಫೋನ್, ಒಂದು ಟ್ರಂಪೆಟ್, ಬರಾತ್ ಬ್ಯಾಂಡಿನಲ್ಲಿ ಊದುವ ಒಬ್ಬರ ಯೂಫೋನಿಯಂ. ಪಿಟೀಲು ಇಲ್ಲ, ಆರ್ಕೆಸ್ಟ್ರಾದಲ್ಲಿ ಊದುವ ಓಬೋ ಇಲ್ಲ, ಅದರ ದಪ್ಪ ದನಿಯ ನೆಂಟ ಬಸೂನ್ ನೋಡಿದವರೂ ನಮ್ಮಲ್ಲಿ ಕಡಿಮೆ. ಹಾಗಾಗಿ ಆರ್ಕೆಸ್ಟ್ರಾದ ಕೃತಿಯನ್ನು ನಾನು ಒಟ್ಟಿಗೇ ನುಡಿಸುವ ಐದು ಭಾಗ ಮಾಡಿ ಬರೆಯುತ್ತೇನೆ. ಇದೇ ಭಾಗ ಇದೇ ವಾದ್ಯಕ್ಕೆ ಅಂತ ಇಲ್ಲ. ಮೇಲಿನ ಭಾಗವನ್ನು ಫ್ಲೂಟ್ ಆದರೂ ಊದಲಿ, ಕ್ಲಾರಿನೆಟ್ ಆದರೂ ಊದಲಿ. ಐದೂ ಭಾಗಕ್ಕೆ ಒಬ್ಬೊಬ್ಬರು ಸಿಕ್ಕರೆ ಹಾಡು ಪೂರ್ತಿಯಾಗುತ್ತದೆ.

ಮೊದಲ ಸಲ ಮಾಡಿದ ಎಡವಟ್ಟು ಕೇಳಿ. ಒಂದೇ ಹಾಳೆಯನ್ನು ಜೆರಾಕ್ಸ್ ಮಾಡಿ ಕ್ಲಾರಿನೆಟ್‌ಗೂ ಸ್ಯಾಕ್ಸೊಫೋನ್‌ಗೂ ಕೊಟ್ಟೆ. ಕ್ಲಾರಿನೆಟ್‌ನಲ್ಲಿ ಸಿ ಸ್ವರ ಅಂತ ಬರೆದದ್ದು ಕೇಳುವುದು ಬಿ ಫ್ಲ್ಯಾಟ್, ಆಲ್ಟೊದಲ್ಲಿ ಅದೇ ಸಿ ಕೇಳುವುದು ಇ ಫ್ಲ್ಯಾಟ್. ಆ ಗಲಾಟೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ನಮ್ಮ ಸ್ಯಾಕ್ಸೊಫೋನಿನವರು ಬಂಟ್ವಾಳದ ಕಡೆಯವರು, ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದವರು, ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಬಾರದು. ನಾನು ಅರ್ಧ ಗಂಟೆ ವಿವರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು: “ಅಂದ್ರೆ ನಿಮ್ಮ ಸ ಒಂದು ಕಡೆ, ನನ್ನ ಸ ಇನ್ನೊಂದು ಕಡೆ. ಅಷ್ಟೇ ಅಲ್ವಾ ಮಾರಾಯ್ರೆ?” ಅಷ್ಟೇ. ಈಗ ಅವರಿಗೆ ಸರಿಗಮದಲ್ಲೇ ಬರೆದುಕೊಡುತ್ತೇನೆ.

ಶ್ರುತಿ ಆರಿಸುವುದರಲ್ಲೇ ಅರ್ಧ ಕೆಲಸ. 1876ರಲ್ಲಿ ರಂಗಕ್ಕೆ ಬಂದ ಪೀರ್ ಗಿಂಟ್ ನಾಟಕಕ್ಕೆ ನಾರ್ವೆಯ ಸಂಗೀತಕಾರ ಗ್ರೀಗ್ ಬರೆದ ‘ಮೌಂಟನ್ ಕಿಂಗ್’ ತುಣುಕು ಮೂಲದಲ್ಲಿ ಬಿ ಮೈನರ್ ಶ್ರುತಿಯಲ್ಲಿದೆ. ಹಾಗೇ ಬಿಟ್ಟರೆ ಕ್ಲಾರಿನೆಟ್‌ಗೆ ನಾಲ್ಕು ಶಾರ್ಪ್ (ಅರ್ಧ ಸ್ವರ ಏರಿಸುವ ಗುರುತು; ಇಳಿಸುವುದು ಫ್ಲ್ಯಾಟ್), ಆಲ್ಟೊಗೆ ಐದು. ಗುರುತು ಹೆಚ್ಚಾದಷ್ಟೂ ಬೆರಳಿಗೆ ಕಷ್ಟ, ಹೊಸಬರು ಓಡಿಹೋಗುತ್ತಾರೆ. ಅರ್ಧ ಸ್ವರ ಮೇಲೆತ್ತಿ ಸಿ ಮೈನರ್ ಮಾಡಿದರೆ ಕ್ಲಾರಿನೆಟ್‌ಗೆ ಒಂದೇ ಫ್ಲ್ಯಾಟ್, ಆಲ್ಟೊಗೆ ಏನೂ ಇಲ್ಲ. ಮ್ಯೂಸ್‌ಸ್ಕೋರ್ ಎಂಬ ಬಿಟ್ಟಿ ಸಾಫ್ಟ್‌ವೇರಿನಲ್ಲಿ ಇದು ಒಂದು ಕ್ಲಿಕ್ ಕೆಲಸ. ಆದರೆ ಬೆರಳಿನ ಕಷ್ಟ ಕಂಪ್ಯೂಟರ್‌ಗೆ ಗೊತ್ತಿಲ್ಲ. ಅದೇ ರಾಗದಲ್ಲಿ ಕ್ಲಾರಿನೆಟ್ ಎ ಸ್ವರದಿಂದ ಮೇಲಿನ ಡಿಗೆ ಹಾರಬೇಕು. ಎ ಹಿಡಿದಾಗ ತೂತುಗಳೆಲ್ಲ ತೆರೆದಿರುತ್ತವೆ, ಡಿ ಬರುವ ಹೊತ್ತಿಗೆ ಎರಡೂ ಕೈಯ ಬೆರಳು ಒಟ್ಟಿಗೆ ಕೂರಬೇಕು. ಒಂದು ಬೆರಳು ತಡವಾದರೂ ಕೀಂಯ್! ಅದಕ್ಕೇ ಆ ಜಾಗದಲ್ಲಿ ಹೊಸಬರಿಗೆ ಸುಮ್ನೆ ಕೆಳಗಿನ ಸ್ವರ ಕೊಟ್ಟು, ಹಾರುವ ಕೆಲಸ ಫ್ಲೂಟ್‌ಗೆ ಬಿಟ್ಟಿದ್ದೇನೆ.

ಉಸಿರಿನದು ಇನ್ನೊಂದು ಪಾಡು. ಪಿಟೀಲಿನವರು ಕಮಾನನ್ನು ಆಚೆ ಈಚೆ ಎಳೆದು ಒಂದೇ ಸ್ವರವನ್ನು ಎಷ್ಟು ಹೊತ್ತಾದರೂ ಹಿಡಿಯಬಹುದು. ನಾಗಸ್ವರದ ಜೊತೆ ಒತ್ತು (ಶ್ರುತಿ ಹಿಡಿಯುವ ವಾದ್ಯ) ಊದುವವರ ಹಾಗೆ ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಬಿಡದೆ ಊದುವ ವಿದ್ಯೆ ನಮಗೆ ಬಾರದು. ಇಬ್ಬರನ್ನು ಜೋಡಿ ಮಾಡಿ, ಯಾರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ.

ಚೆಕ್ ಸಂಗೀತಕಾರ ಡ್ವೊರಾಕ್‌ನ 1893ರ ‘ನ್ಯೂ ವರ್ಲ್ಡ್’ ಸಿಂಫನಿಯ ನಿಧಾನದ ಭಾಗದಲ್ಲಿ ಕಾರ್ ಆಂಗ್ಲೆ (ಓಬೋದ ದೊಡ್ಡಣ್ಣ) ಒಂಟಿಯಾಗಿ ನುಡಿಸುವ ಸೋಲೊ ಇದೆಯಲ್ಲ, ಅದನ್ನು ಸ್ಯಾಕ್ಸೊಫೋನ್‌ಗೆ ಕೊಟ್ಟಿದ್ದೆ. ಕಾರ್ಯಕ್ರಮದ ದಿನವೇ ಅವರಿಗೆ ಠಾಣೆಯಲ್ಲೊಂದು ಮದುವೆ. ಮುಹೂರ್ತ ತಡವಾಯಿತು. ಇಲ್ಲಿ ನಾವು ಸೋಲೊ ಇಲ್ಲದೆ ಬರೀ ಕೆಳಗಿನ ಸ್ವರಗಳನ್ನು ಊದುತ್ತ ಕೂತೆವು, ಮದುಮಗ ಬಾರದ ಮಂಟಪದ ಹಾಗೆ. ಈಗ ಆ ಸೋಲೊವನ್ನು ಕ್ಲಾರಿನೆಟ್, ಟ್ರಂಪೆಟ್ ಹಾಳೆಗಳಲ್ಲೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತೇನೆ.

ಇದನ್ನು ಕಳಪೆ ಕೆಲಸ ಅನ್ನುವವರಿಗೆ ಮೊಜಾರ್ಟ್ ನೆನಪಿಸಬೇಕು. 1782ರಲ್ಲಿ ತನ್ನ ಹೊಸ ಆಪೆರಾವನ್ನು (ಹಾಡಿನ ನಾಟಕವನ್ನು) ಊದುವ ವಾದ್ಯಗಳಿಗೆ ಬೇಗ ಬೇಗ ಹೊಂದಿಸಬೇಕು, ತಡಮಾಡಿದರೆ ಬೇರೆ ಯಾರೋ ಮಾಡಿ ಲಾಭ ಹೊಡೆಯುತ್ತಾರೆ ಅಂತ ಅಪ್ಪನಿಗೆ ಪತ್ರ ಬರೆದಿದ್ದ. ಅದೇ ವರ್ಷ ವಿಯೆನ್ನಾದ ಚಕ್ರವರ್ತಿ ಕಟ್ಟಿದ ಆಸ್ಥಾನದ ಊದುವ ಮೇಳದಲ್ಲಿ ಇದ್ದದ್ದೂ ಎಂಟೇ ಜನ. ಅವರಿಗೆ ಸಂಬಳ ಇತ್ತು, ನಮಗೆ ಕಟಿಂಗ್ ಚಹಾ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಮ್ಮ ಹತ್ತಿರದ ಒಂದು ಶಾಲೆಯಲ್ಲಿ ಬ್ಯಾಂಡಿನ ವಾದ್ಯಗಳು ಜನವರಿ 26 ಮುಗಿದ ಮೇಲೆ ಆಗಸ್ಟ್ ತನಕ ಕಪಾಟಿನಲ್ಲಿ ಇರುತ್ತವೆ. ಭಾನುವಾರ ಮಕ್ಕಳಿಗೆ ಕೊಡಿ, ಗ್ರೀಗ್ ಹೇಳಿಕೊಡುತ್ತೇವೆ ಅಂದರೆ “ಪೂರ್ತಿ ಸೆಟ್ ಇಲ್ಲದೆ ಕ್ಲಾಸಿಕಲ್ ಹೇಗಾಗುತ್ತೆ” ಅಂತ ವಾಪಸು ಕಳಿಸಿದರು. ಗ್ರೀಗ್ ತೀರಿಕೊಂಡು ನೂರು ವರ್ಷದ ಮೇಲಾಯಿತು, ಅವನ ಸ್ವರಗಳಿಗೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ನನ್ನ ಹಾಳೆಗಳೂ ಪುಕ್ಕಟೆ. ಬರುವಾಗ ಅಲ್ಲಿನ ಜವಾನರು ಮೆಲ್ಲಗೆ ಹೇಳಿದರು, ಕಪಾಟಿನ ತಳದಲ್ಲಿ ಒಂದು ಟ್ಯೂಬಾ (ಹಿತ್ತಾಳೆಯ ಅತಿ ದಪ್ಪ ದನಿಯ ವಾದ್ಯ) ಕೂಡ ಇದೆಯಂತೆ. ಐದನೇ ಭಾಗವನ್ನು ಅದಕ್ಕೂ ಬರೆದು ಇಟ್ಟಿದ್ದೇನೆ.

– ಒಬ್ಬ ಕ್ಲಾರಿನೆಟ್ ವಾದಕ, ಡೊಂಬಿವಲಿ